ಗೋಡೆಯ ಮೇಲಿನ ನನ್ನ ಮೈ

ಮೂರು ತಾಲ್ಲೂಕಿನ ಮನೆಗಳ ಗೋಡೆಯ ಮೇಲೆ ನನ್ನ ಮೈ ತೂಗುತ್ತಿದೆ. ಕುಮಟಾದಲ್ಲಿ ಹೆಚ್ಚು, ಹೊನ್ನಾವರದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, ಭಟ್ಕಳದ ಕಡೆ ಅಲ್ಲೊಂದು ಇಲ್ಲೊಂದು. ತಲೆ ಮಾತ್ರ ನನ್ನದಲ್ಲ. ಕುತ್ತಿಗೆಯಿಂದ ಕೆಳಗಿನದೆಲ್ಲ ನನ್ನದು. ಇದನ್ನು ಹತ್ತೊಂಬತ್ತು ವರ್ಷ ಯಾರಿಗೂ ಹೇಳಲಿಲ್ಲ. ಹೇಳುವಂಥ ದೊಡ್ಡ ಸಂಗತಿ ಅಂತ ನನಗೇ ಅನ್ನಿಸಿರಲಿಲ್ಲ.

ನಾನು ಉಮಾ, ವಯಸ್ಸು ಐವತ್ತಾರು. ಕುಮಟಾ ಪೇಟೆಯಲ್ಲಿ ವಿಶ್ವನಾಥರ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಮದುವೆ ಆಲ್ಬಮ್ಮು, ಪಾಸ್‌ಪೋರ್ಟ್ ಸೈಜು ಎಲ್ಲ ಮಾಡುತ್ತೇನೆ, ಆದರೆ ನನ್ನ ಕೈ ಪಳಗಿದ್ದು ಸತ್ತವರ ಫೋಟೋದಲ್ಲಿ. ಮನೆಯ ಹಿರಿಯರು ತೀರಿಕೊಂಡರೆ ಹನ್ನೆರಡನೆಯ ದಿನದ ಹೊತ್ತಿಗೆ ಗೋಡೆಗೆ ಹಾಕಲು, ಹಾರ ತೊಡಿಸಲು ಒಂದು ಫ್ರೇಮ್ ಫೋಟೋ ಬೇಕೇ ಬೇಕು. ಗಂಡಸರದ್ದು ಹೇಗೋ ಸಿಗುತ್ತದೆ. ಮುದುಕಿಯರದ್ದು ಸಿಗುವುದಿಲ್ಲ. ಅವರ ಫೋಟೋ ಬೇಕು ಅಂತ ಬದುಕಿದ್ದಾಗ ಯಾರಿಗೂ ಹೊಳೆದಿರುವುದಿಲ್ಲ. ಮಕ್ಕಳು ಆಧಾರ್ ಕಾರ್ಡ್ ತರುತ್ತಾರೆ, ಇಲ್ಲವೇ ಯಾರದೋ ಮದುವೆಯ ಊಟದ ಸಾಲಿನಲ್ಲಿ ಅಮ್ಮ ಅನ್ನ ಕಲಸುತ್ತಿರುವ ಚಿತ್ರ ತರುತ್ತಾರೆ. ಅದರಿಂದ ತಲೆಯನ್ನು ಬಿಡಿಸಿ ತೆಗೆದು, ತಯಾರಾಗಿರುವ ಒಂದು ಮೈಗೆ ಕೂಡಿಸಿ, ಕುತ್ತಿಗೆಯ ಹತ್ತಿರ ಗೆರೆ ಕಾಣದಂತೆ ಉಜ್ಜುವುದು ನನ್ನ ಕೆಲಸ.

ಆ ತಯಾರಿ ಮೈ ನನ್ನದು. ನಾನು ಕೆಲಸಕ್ಕೆ ಸೇರಿದ ವರ್ಷ ವಿಶ್ವನಾಥರು, "ಉಮಾ, ಹೆಂಗಸ್ರಿಗೆ ಒಂದು ಮೈ ಬೇಕು, ನೀವೇ ಕೂತ್ಕಳಿ" ಎಂದರು. ನನ್ನ ಅತ್ತೆಯ ಕೆನೆ ಬಣ್ಣದ ಸೀರೆ ತಂದು ಉಟ್ಟೆ. ಬೆರಳಗಲದ ಕಂದು ಅಂಚು, ಮೊಳಕೈವರೆಗೆ ಬರುವ ರವಿಕೆ. ಎಡಗೈ ಮೇಲೆ ಬಲಗೈ ಇಟ್ಟು ತೊಡೆಯ ಮೇಲೆ ಇರಿಸಿಕೊಂಡೆ. "ಸ್ವಲ್ಪ ಕುಗ್ಗಿ, ವಯಸ್ಸಾದವ್ರ ಹಂಗೆ" ಎಂದರು. ಕುಗ್ಗಿದೆ. ನನಗಾಗ ಮೂವತ್ತೇಳು. ಕಂಪ್ಯೂಟರಿನಲ್ಲಿ ಆ ಫೈಲಿಗೆ 'ಅಮ್ಮ' ಅಂತ ಹೆಸರಿಟ್ಟೆವು.

ತಮಾಷೆಯೆಂದರೆ, ಆಮೇಲೆ ನಾನು ಆ ಫೈಲಿನ ಹಾಗೆಯೇ ಆಗುತ್ತ ಬಂದೆ. ಮಗಳು ಸುಪ್ರಿಯಾ ದೊಡ್ಡವಳಾದ ವರ್ಷ ಅತ್ತೆ, "ಇನ್ನು ಹೂವು ಅವ್ಳಿಗೆ, ನೀನು ಒಂದೆಸಳು ಸೂಡ್ಕಂಡ್ರೆ ಸಾಕು" ಎಂದರು. ನಲವತ್ತೈದಕ್ಕೆ ನಮ್ಮನೆ ಯಜಮಾನರು ನನ್ನ ಹಸಿರು ಸೀರೆ ನೋಡಿ, "ಮನೇಲಿ ಉಡು, ಪೇಟೆಗೆ ಬೇಡ" ಎಂದರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ವರ್ಷಕ್ಕೊಂದು ಬಣ್ಣ ಬಿಟ್ಟುಕೊಡುತ್ತ ಬಂದು ಐವತ್ತರ ಹೊತ್ತಿಗೆ ನನ್ನ ಕಪಾಟಿನಲ್ಲಿ ಕೆನೆ, ಬೂದಿ, ತಿಳಿ ಕಂದು ಇಷ್ಟೇ ಉಳಿದವು. ಕುಗ್ಗು ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಕಳೆದ ವರ್ಷ ಮಾರ್ಚಿನಲ್ಲಿ, ಒಂದು ಸಂತೆಯ ದಿನ ಮಧ್ಯಾಹ್ನ, ತಿಮ್ಮಿ ಸ್ಟುಡಿಯೋಕ್ಕೆ ಬಂದಳು. ಹಿರೇಗುತ್ತಿಯವಳು, ಬಸಳೆ, ಹರಿವೆ, ಬದನೆ ತಂದು ಮಾರುವವಳು. ಬುಟ್ಟಿ ಖಾಲಿಯಾಗಿತ್ತು. ಉಟ್ಟಿದ್ದು ರಾಣಿ ಬಣ್ಣದ ಸೀರೆ. ಕುತ್ತಿಗೆ ತುಂಬ ಮಣಿಸರ, ತಲೆಯಲ್ಲಿ ಅಬ್ಬಲಿಗೆ ಹೂವಿನ ದಂಡೆ, ಅದರ ಬಾಲ ಬಲಭುಜದ ಮೇಲೆ ಇಳಿದಿತ್ತು. ಹತ್ತೂ ಉಗುರಿಗೆ ಕೆಂಪು ಬಣ್ಣ.

"ಅಕ್ಕೋರೆ, ನಂದೊಂದು ಪಟ ತೆಗೀಬೇಕು. ಸತ್ಮೇಲೆ ಗೋಡೆಗೆ ಹಾಕೂ ಪಟ" ಎಂದಳು.

ವಿಶ್ವನಾಥರು ನಕ್ಕರು. "ಅದ್ನ ಸತ್ಮೇಲೆ ನೋಡುವಾ. ಈಗ ಎಂತಕ್ಕೆ?"

"ಸತ್ಮೇಲೆ ನಾ ಬಂದು ಕೂರೂಕೆ ಆತದಾ?" ಎಂದು ತಿಮ್ಮಿ ಅವರನ್ನು ದಾಟಿಕೊಂಡು ಬಂದು ನನ್ನ ಮುಂದಿನ ಸ್ಟೂಲಿನ ಮೇಲೆ ಕೂತಳು. "ನಮ್ಮ ಕೇರಿ ಕಮಲಿ ಸತ್ಲು. ಪಟ ಬಂತು. ಮುಖ ಕಮಲಿದೇ, ಮೈ ಯಾರದೋ. ಕಮಲಿ ಹುಟ್ಟಿದ್ಮೇಲೆ ಆ ಬಣ್ಣದ ಸೀರೆ ಉಟ್ಟವಳೇ ಅಲ್ಲ. ಅವಳ ಕೈ ಹಂಗೆ ಸುಮ್ನೆ ಕೂತದ್ದು ನಾ ಕಂಡಿಲ್ಲ. ಅದ್ಯಾರ ಮೈ, ತಂಗಿ?"

ಕಮಲಿಯ ಫೋಟೋ ಮಾಡಿದವಳು ನಾನೇ. ಮಾತು ತಿರುಗಿಸಲು ಅವಳ ಉಗುರಿನ ಬಗ್ಗೆ ಕೇಳಿದೆ. ಅವಳಿಗೆ ಖುಷಿಯಾಯಿತು. ಹತ್ತೂ ಬೆರಳು ಬಿಡಿಸಿ ತೋರಿಸಿದಳು.

"ಅರವತ್ತು ವರ್ಷ ಗದ್ದೆ ಮಣ್ಣು ಕೂತಿತ್ತು ಇಲ್ಲಿ. ಹೋದ ವರ್ಷ ಮಗ, ಇನ್ನು ಗದ್ದೆಗೆ ಇಳೀಬೇಡ ಅಂದ. ಮಣ್ಣು ಹೋದ್ಮೇಲೆ ಗೊತ್ತಾತು, ನಂಗೂ ಉಗುರು ಅದೆ. ಫ್ಯಾನ್ಸಿ ಅಂಗಡೀಲಿ ಬಣ್ಣ ತಕಂಡೆ. ಮಗ ಬೈದ, ಸೊಸೆ ನಕ್ಲು. ನಮ್ಮವ್ರು ಮಾತ್ರ ಎಂತ ಹೇಳ್ಲಿಲ್ಲ, ಸುಮ್ನೆ ನೋಡ್ತಾ ಕೂತಿದ್ರು."

ಫೋಟೋ ತೆಗೆದದ್ದಾಯಿತು. ಬಾಯಿ ತುಂಬ ನಗುತ್ತ, ಮೊಣಕಾಲಿನ ಮೇಲೆ ಎರಡೂ ಕೈ ಹರಡಿ, ಉಗುರು ಕಾಣುವಂತೆ ಕೂತಿದ್ದಳು. ಏಳುವ ಮೊದಲು ನನ್ನ ಕೈ ಹಿಡಿದಳು. ಅಂಗೈ ಒರಟಾಗಿತ್ತು, ಬೆಚ್ಚಗಿತ್ತು.

"ನೀನೇ ಅಲ್ಲ ಮಾಡುದು? ಹಂಗಾರೆ ನೀನೇ ಹೇಳು. ನನ್ನ ತಲೆ ತೆಗ್ದು ಮತ್ತೊಂದು ಮೈಗೆ ಹಚ್ಚೂದಿಲ್ಲ ಹೇಳಿ."

"ಆತು ತಿಮ್ಮಕ್ಕ" ಎಂದೆ.

"ಆತು ಅಂದ್ರೆ ಆತು ಮತ್ತೆ" ಎಂದು ಅವಳು ನನ್ನ ಬೆರಳುಗಳನ್ನು ತಿರುಗಿಸಿ ನೋಡಿದಳು. "ಎಷ್ಟು ಚಂದ ಬೆರಳು. ಹಿಂಗೆ ಬೋಳು ಬಿಟ್ಕಂಡಿಯಲ್ಲೇ ಮಾರಾಯ್ತಿ."

ದೀಪಾವಳಿ ಕಳೆದ ವಾರಕ್ಕೆ ತಿಮ್ಮಿ ತೀರಿಕೊಂಡಳು. ಮಗ ಮಾದೇವ ಆಧಾರ್ ಕಾರ್ಡ್ ಹಿಡಿದು ಬಂದ. ನಲವತ್ತೈದರ ಆಸುಪಾಸಿನವನು, ಕುಮಟಾದಲ್ಲೇ ಯಾವುದೋ ಆಫೀಸಿನಲ್ಲಿ ಜವಾನ. ಅತ್ತು ಅತ್ತು ಕಣ್ಣು ಊದಿತ್ತು. ಕಾರ್ಡ್ ಬೇಡ, ನಿಮ್ಮ ತಾಯಿಯೇ ಬಂದು ಫೋಟೋ ತೆಗೆಸಿದ್ದಾರೆ ಎಂದು ನಾನು ಆ ಚಿತ್ರವನ್ನು ತೆರೆದು ತೋರಿಸಿದೆ. ಅವನು ನೋಡಿದ, ಕೆಂಪಾದ, ಮುಖ ಆ ಕಡೆ ತಿರುಗಿಸಿದ.

"ಇದ್ನ ಹಾಕಿದ್ರೆ ಬಂದವ್ರೆಲ್ಲ ನಗ್ತಾರೆ. ಎಪ್ಪತ್ತೆರಡು ವರ್ಷ ಅವ್ಳಿಗೆ. ವಯಸ್ಸಿಗೆ ತಕ್ಕಂಗೆ ಮಾಡ್ಕೊಡಿ ಅಕ್ಕೋರೆ, ಕೈ ಮುಗೀತೆ."

"ಅವ್ರಿಗೆ ಮಾತು ಕೊಟ್ಟಿದ್ದೆ" ಎಂದೆ ವಿಶ್ವನಾಥರ ಕಡೆ ತಿರುಗಿ.

"ಸತ್ತವ್ರು ಬಂದು ಕೇಳ್ತಾರಾ, ಉಮಾ? ಗಿರಾಕಿ ಹೇಳಿದಂಗೆ ಮಾಡಿ" ಎಂದರು ಅವರು.

ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ನಾನು ಮಾಡಿದ್ದಲ್ಲ. ಇಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ. ನನ್ನೊಳಗೂ ಒಂದು ಮಾತಿತ್ತು: ನಾನೆಲ್ಲ ಬಿಟ್ಟು ಕೂತಿದ್ದೇನೆ, ಈ ಮುದುಕಿಗೆ ಮಾತ್ರ ಯಾಕೆ ಇಷ್ಟೆಲ್ಲ? ಅದು ಶುದ್ಧ ಹೊಟ್ಟೆಕಿಚ್ಚು. ಆಧಾರ್ ಕಾರ್ಡಿನಿಂದಲ್ಲ, ಅವಳು ನಗುತ್ತ ಕೂತ ಆ ಫೋಟೋದಿಂದಲೇ ತಲೆ ಬಿಡಿಸಿದೆ. ಹೂವನ್ನು ಅಳಿಸಿದೆ. ತುಟಿಗಳನ್ನು ಮುಚ್ಚಿಸಿದೆ. 'ಅಮ್ಮ' ಫೈಲು ತೆರೆದು ನನ್ನ ಕುತ್ತಿಗೆಯ ಮೇಲೆ ಇಟ್ಟೆ.

ಅಲ್ಲಿಯವರೆಗೆ ನಾನೂರಕ್ಕೂ ಹೆಚ್ಚು ತಲೆಗಳನ್ನು ಆ ಮೈಗೆ ಕೂಡಿಸಿದ್ದೆ. ಒಂದು ಚಿಕ್ಕದಾಗುತ್ತದೆ, ಒಂದು ಓರೆಯಾಗುತ್ತದೆ, ಒಂದರ ಬಣ್ಣ ಹೊಂದುವುದಿಲ್ಲ. ತಾಸುಗಟ್ಟಲೆ ಉಜ್ಜಬೇಕು. ತಿಮ್ಮಿಯ ತಲೆ ಇಟ್ಟದ್ದೇ ಕೂತುಬಿಟ್ಟಿತು. ಎಷ್ಟು ದೊಡ್ಡದು ಮಾಡಿ ನೋಡಿದರೂ ಕುತ್ತಿಗೆಯಲ್ಲಿ ಗೆರೆ ಸಿಗಲಿಲ್ಲ. ನಾನು ಉಜ್ಜುವುದಕ್ಕೆ ಏನೂ ಇರಲಿಲ್ಲ. ಮೌಸ್ ಬಿಟ್ಟು ಕೂತಾಗ ನನ್ನ ಹೆಗಲಿನ ಮೇಲೆ ಯಾರೋ ಭಾರ ಹಾಕಿದ ಹಾಗಾಯಿತು. ಹಿಂದೆ ತಿರುಗಿ ನೋಡಿದೆ. ಗೋಡೆ ಇತ್ತು, ಕ್ಯಾಲೆಂಡರ್ ಇತ್ತು.

ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನ ಕುತ್ತಿಗೆ ಕಂಡಿತು. ಗಂಟಲಿನಿಂದ ಎದೆಯವರೆಗೆ ಸಾಲು ಸಾಲಾಗಿ ಸಣ್ಣ ಗುಂಡು ಗುರುತುಗಳು, ವರ್ಷಗಟ್ಟಲೆ ಮಣಿ ಒತ್ತಿದ ಕಲೆಗಳ ಹಾಗೆ. ಉಜ್ಜಿದೆ, ಎಣ್ಣೆ ಹಚ್ಚಿದೆ, ಹೋಗಲಿಲ್ಲ. ಸೆರಗು ಸುತ್ತಿಕೊಂಡು ಕೆಲಸಕ್ಕೆ ಹೋದೆ.

ಮೂರನೆಯ ದಿನ ನನ್ನ ಉಗುರುಗಳು ಕೆಂಪಾದವು. ಬೆಳಗಿನ ಚಹಾ ಸೋಸುತ್ತಿದ್ದೆ. ಸೋಸಲು ಶುರು ಮಾಡಿದಾಗ ಇರಲಿಲ್ಲ, ಲೋಟ ತುಂಬುವ ಹೊತ್ತಿಗೆ ಇದ್ದವು. ಸೀಮೆಎಣ್ಣೆ, ನಿಂಬೆಹಣ್ಣು, ಮಗಳ ರಿಮೂವರ್ ಎಲ್ಲ ಸುರಿದೆ. ಮೇಲೆ ಹಚ್ಚಿದ್ದಾದರೆ ತಾನೇ ಹೋಗುವುದು. ಹೆದರಿಕೆಯಾಗಿತ್ತು, ನಾಚಿಕೆಯೂ ಆಗಿತ್ತು. ಯಾವುದು ಹೆಚ್ಚು ಅಂತ ಕೇಳಿದರೆ ನಾಚಿಕೆಯೇ ಹೆಚ್ಚು. ಐವತ್ತಾರು ವರ್ಷದವಳು ಹತ್ತು ಕೆಂಪು ಉಗುರು ಇಟ್ಟುಕೊಂಡು ಪೇಟೆಗೆ ಹೋಗುವುದು ಹೇಗೆ?

ಅವತ್ತೇ ಹನ್ನೊಂದು ಗಂಟೆಗೆ ಹೊನ್ನಾವರದ ದಿವಾಕರ ಎಂಬವರು ಒಂದು ಫ್ರೇಮನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಕಿರಾಣಿ ಅಂಗಡಿಯವರು. ಅವರ ತಾಯಿ ಸತ್ತು ಹನ್ನೊಂದು ವರ್ಷವಾಗಿತ್ತು, ಫೋಟೋ ನಾನೇ ಮಾಡಿಕೊಟ್ಟದ್ದು.

"ಎಂತದ್ರೀ ಇದು?" ಎಂದು ಟೇಬಲ್ಲಿನ ಮೇಲೆ ಇಟ್ಟರು. "ನಿನ್ನೆ ಸಂಜೆ ದೀಪ ಹಚ್ಚುವಾಗ ಸರಿ ಇತ್ತು. ಇವತ್ತು ಬೆಳಿಗ್ಗೆ ನೋಡಿದ್ರೆ ಹಿಂಗೆ."

ಗಾಜಿನ ಒಳಗೆ, ಕೆನೆ ಸೀರೆಯ ಮಡಿಲಲ್ಲಿ ಮಡಚಿಟ್ಟ ಕೈಗಳ ಉಗುರುಗಳು ಕೆಂಪಾಗಿದ್ದವು. ವಿಶ್ವನಾಥರು ಫ್ರೇಮ್ ಬಿಚ್ಚಿದರು, ಕಾಗದವನ್ನು ಬೆರಳಿಂದ ಕೆರೆದರು, ಬೆಳಕಿಗೆ ಹಿಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಗಿರಾಕಿಗೆ ವಿವರಿಸಿದರು. ಸಮುದ್ರದ ಉಪ್ಪುಗಾಳಿಗೆ ಹಳೆ ಪ್ರಿಂಟಿನ ಹಳದಿ ಹೋಗುತ್ತದಂತೆ, ನೀಲಿ ಹೋಗುತ್ತದಂತೆ, ಕೆಂಪು ಮೇಲೆ ಬರುತ್ತದಂತೆ. ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನೂ ನಂಬುತ್ತಿದ್ದೆ. ಆದರೆ ನನ್ನ ಎರಡೂ ಕೈ ಸೆರಗಿನ ಒಳಗಿದ್ದವು.

ವಾರದೊಳಗೆ ಹದಿನಾಲ್ಕು ಫ್ರೇಮು ಬಂದವು. ಗೋಡೆಗೆ ಒರಗಿಸಿ ಸಾಲಾಗಿ ಇಟ್ಟೆವು. ಹದಿನಾಲ್ಕು ತಲೆ, ಒಂದೇ ಮೈ. ಪ್ರತಿಯೊಬ್ಬಳಿಗೂ ಕೆಂಪು ಉಗುರು. ಆ ಮೈ ಅವರೆಲ್ಲರದೂ ಒಂದೇ ಎಂದು ಅಷ್ಟು ಜನ ಗಿರಾಕಿಗಳಿಗೆ ಆವತ್ತು ಮೊದಲ ಸಲ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಹೂವು ಬಂತು. ಒಂದು ಮಧ್ಯಾಹ್ನ ಊಟ ಮಾಡಿ ಬಂದು ಕೂತಾಗ ನನ್ನ ಬಲಭುಜದ ಮೇಲೆ ತಣ್ಣಗೆ ಏನೋ ತಾಗಿತು. ಅಬ್ಬಲಿಗೆಯ ದಂಡೆ, ನೀರು ಚಿಮುಕಿಸಿ ಈಗಷ್ಟೇ ಕಟ್ಟಿದ್ದು. ಗೋಡೆಗೆ ಒರಗಿದ್ದ ಹದಿನಾಲ್ಕೂ ಫ್ರೇಮುಗಳಲ್ಲಿ ಬಲಭುಜದ ಮೇಲೆ ದಂಡೆಯ ಬಾಲ ಇಳಿದಿತ್ತು. ಅವರು ಕೈ ಕೂಡ ಬದಲಿಸಿದ್ದರು. ಎಡಗೈ ಮೇಲೆ ಬಲಗೈ ಇಟ್ಟದ್ದು ಹೋಗಿ ಈಗ ಎರಡೂ ಕೈಗಳು ಮೊಣಕಾಲಿನ ಮೇಲೆ ಹರಡಿಕೊಂಡಿದ್ದವು. ನಾನು ನನ್ನ ಕೈ ನೋಡಿಕೊಂಡೆ. ನಾನೂ ಹಾಗೆಯೇ ಕೂತಿದ್ದೆ.

ಮನೆಯಲ್ಲಿ ಸುಪ್ರಿಯಾ ರಂಪ ಮಾಡಿದಳು. ಅವಳು ಹೊನ್ನಾವರದಲ್ಲಿ ಟೀಚರ್, ಇಪ್ಪತ್ತೇಳು ವರ್ಷ. ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದೆವು.

"ಎಂತ ವೇಷ ಅಮ್ಮಾ ಇದು? ನಂಗೆ ಮದುವೆ ಮಾಡ್ತೀರೋ, ನಿಂಗೋ? ಭಾನುವಾರ ಅವ್ರು ಬರ್ತಾರೆ. ದಯಮಾಡಿ ತೆಗಿ ಎಲ್ಲ."

"ತೆಗೀಲಿಕ್ಕೆ ಆಗೂದಿಲ್ಲ" ಎಂದೆ. ಅವಳು ನಂಬಲಿಲ್ಲ. ದಂಡೆಯನ್ನು ತಾನೇ ಕಿತ್ತು ಕಸಕ್ಕೆ ಎಸೆದಳು. ನನ್ನ ಕೂದಲು ಸರಿಮಾಡಲು ಮತ್ತೆ ಕೈ ಹಾಕಿದರೆ ದಂಡೆ ಅಲ್ಲೇ ಇತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಮಗಳು ನನಗೆ ಹೆದರಿದ್ದು ಅದೇ ಮೊದಲು.

ಭಾನುವಾರದವರಿಗೆ ಯಜಮಾನರು ಫೋನ್ ಮಾಡಿ, ನನಗೆ ಮೈ ಸರಿಯಿಲ್ಲ, ಮುಂದಿನ ತಿಂಗಳು ಬನ್ನಿ ಎಂದರು. ಮೈ ಸರಿಯಿಲ್ಲ ಎನ್ನುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಅದರ ಮರುದಿನ ಭಟ್ಕಳದಿಂದ ಗಂಗಿ ಎಂಬವಳು ಬಂದಳು. ಮೀನು ಒಣಗಿಸುವ ಕೆಲಸದವಳು, ನನಗಿಂತ ಹಿರಿಯಳು. ಅವಳ ತಾಯಿಯ ಫ್ರೇಮನ್ನು ಎದೆಗೆ ಒತ್ತಿ ಹಿಡಿದಿದ್ದಳು. ನಾನು ಕೈ ಚಾಚಿದರೆ ಕೊಡಲಿಲ್ಲ.

"ಸರಿ ಮಾಡೂಕೆ ತಂದದ್ದಲ್ಲ" ಎಂದು ದನಿ ತಗ್ಗಿಸಿದಳು. "ತಮ್ಮ ಒಡೆದು ಹಾಕ್ತೆ ಅಂದ, ಅದಕ್ಕೆ ಎತ್ಕಂಡ್ ಬಂದೆ. ಇದು ಹಿಂಗೇ ಇರ್ತದಾ? ಮತ್ತೆ ಬಿಳಚಿ ಹೋತದಾ?"

ನನಗೆ ಗೊತ್ತಿಲ್ಲ ಎಂದೆ. ಗಂಗಿ ಫ್ರೇಮನ್ನು ಸೆರಗಿನಿಂದ ಒರೆಸಿ, ಹೊರಟು ಹೋದಳು. ಯೋಚಿಸಿ ನೋಡಿದೆ. ವಾಪಸ್ ತಂದವರೆಲ್ಲ ಗಂಡುಮಕ್ಕಳು. ನಾನೂರರಲ್ಲಿ ಉಳಿದವು ಎಲ್ಲಿ? ಅವುಗಳ ಕೆಳಗೆ ಯಾರು ಬಾಯಿ ಮುಚ್ಚಿಕೊಂಡು ಕೂತಿದ್ದಾರೆ?

ಇಷ್ಟಾದರೂ ನಾನು ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಒಂದು ದಿನ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದಾಗ ನನ್ನ ಬಾಯಿಂದ ಹಾಡು ಬಂತು. ನನಗೆ ಹಾಡು ಬರುವುದಿಲ್ಲ, ಆರತಿ ಹಾಡಿಗೂ ತುಟಿ ಅಲ್ಲಾಡಿಸಿ ಸುಮ್ಮನಿರುವವಳು. ಇದು ನಟ್ಟಿ ಗದ್ದೆಯ ಹಾಡು, ಸಸಿ ನೆಡುವಾಗ ಹೇಳುವುದು. ಒಬ್ಬಳು ಎತ್ತಿಕೊಟ್ಟು ಉಳಿದವರು ಹಿಂದಿನಿಂದ ಹಿಡಿಯುವ ರೀತಿಯದ್ದು. ನಾನು ಎತ್ತಿಕೊಟ್ಟೆ. ಗೋಡೆಗೆ ಒರಗಿದ ಫ್ರೇಮುಗಳ ಗಾಜು ಸಣ್ಣಗೆ ಅದುರಿತು. ಹಿಂದಿನಿಂದ ಯಾರೋ ಹಾಡನ್ನು ಹಿಡಿದುಕೊಂಡರು.

ವಿಶ್ವನಾಥರು ಬಾಗಿಲಲ್ಲಿ ನಿಂತಿದ್ದರು. ಮುಖ ಸುಣ್ಣದ ಹಾಗಿತ್ತು. "ಉಮಾ, ಎಲ್ಲಿ ತಪ್ಪಾತು ಅಂತ ನಿಮ್ಗೆ ಗೊತ್ತು. ಅದನ್ನ ಸರಿ ಮಾಡ್ಕಂಡ್ ಬನ್ನಿ" ಎಂದರು.

ಗೊತ್ತಿತ್ತು. ಅಂದೇ ತಿಮ್ಮಿಯ ನಿಜವಾದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಫ್ರೇಮು ಕಟ್ಟಿದೆ. ಅಂಕೋಲಾ ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಉಗುರು ನೋಡಿದ, ಹೂವು ನೋಡಿದ, ಮುಖ ನೋಡಿದ, ಟಿಕೆಟು ಕೊಟ್ಟು ಬೇಗ ಮುಂದೆ ಹೋದ. ಮಿರ್ಜಾನ ದಾಟಿ ಹಿರೇಗುತ್ತಿಯಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ತಿಮ್ಮಿಯ ಮನೆಯ ದಾರಿಯನ್ನು ನಾನು ಯಾರನ್ನೂ ಕೇಳಲಿಲ್ಲ. ನನ್ನ ಕಾಲಿಗೆ ಗೊತ್ತಿತ್ತು. ಗದ್ದೆಯ ಅಂಚಿನಲ್ಲಿ ಎಲ್ಲಿ ಜಾರುತ್ತದೆ ಎನ್ನುವುದು ಕೂಡ ಗೊತ್ತಿತ್ತು.

ತಿಮ್ಮಿಯ ಗಂಡ ಶನಿಯಾರ ಜಗಲಿಯಲ್ಲಿ ಗೋಡೆಯ ಕಡೆ ಬೆನ್ನು ಹಾಕಿ ಕೂತಿದ್ದ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಅವನ ಬೆನ್ನ ಹಿಂದೆ, ಒಣಗಿದ ಹಾರದ ಒಳಗೆ, ನಾನು ಮಾಡಿದ ಫೋಟೋ. ಸೀರೆ ಈಗ ಪೂರ್ತಿ ರಾಣಿ ಬಣ್ಣವಾಗಿತ್ತು. ನಾನು ಬೆಳಿಗ್ಗೆ ಉಟ್ಟು ಹೊರಟದ್ದು ಬೂದಿ ಬಣ್ಣದ್ದು. ಕೆಳಗೆ ನೋಡಿಕೊಂಡೆ, ನನ್ನದೂ ರಾಣಿ ಬಣ್ಣವಾಗಿತ್ತು.

ಮಾದೇವ ಒಳಗಿನಿಂದ ಬಂದ. "ಪಟ ಹಾಕಿದ ದಿನದಿಂದ ಅಪ್ಪ ಈ ಕಡೆ ತಿರುಗಿ ಕೂತವ್ನೇ ಅಲ್ಲ ಅಕ್ಕೋರೆ" ಎಂದು ಶುರುಮಾಡಿದವನು ನನ್ನ ಮೈ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಶನಿಯಾರ ಎದ್ದು ಬಂದ. ಒಳ್ಳೆಯ ಕಣ್ಣನ್ನು ಹತ್ತಿರ ತಂದು ನನ್ನ ಕೈಗಳನ್ನು ನೋಡಿದ. ತಿರುಗಿ ಫೋಟೋದ ಕೈಗಳನ್ನು ನೋಡಿದ. ಆಮೇಲೆ ಮಗನಿಗೆ ಹೇಳಿದ.

"ನಾ ಹೇಳ್ಲಿಲ್ವಾ, ಇದು ನನ್ನ ಹೆಂಡ್ತಿ ಮೈ ಅಲ್ಲ ಹೇಳಿ? ಐವತ್ತು ವರ್ಷ ಆ ಕೈಯಿಂದ ಉಂಡವ ನಾನು. ಇದು ಈ ಅಮ್ಮಂದು. ಪಾಪ, ಇವ್ಳ ಮೈ ಇಲ್ಲಿ ತಂದು ತೂಗ್ಸಿಟ್ರೆ ಇವ್ಳು ಎಂತ ಉಟ್ಕಂಬುದು?"

ಹತ್ತೊಂಬತ್ತು ವರ್ಷದಲ್ಲಿ ನನ್ನ ಪಾಡನ್ನು ಒಬ್ಬರಾದರೂ ಕೇಳಿದರಲ್ಲ ಎಂದು ನನಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಅಳುತ್ತಲೇ ಪೇಪರು ಬಿಚ್ಚಿ ತಿಮ್ಮಿಯನ್ನು ತೋರಿಸಿದೆ. ಬಾಯಿ ತುಂಬ ನಗು, ಹತ್ತು ಕೆಂಪು ಉಗುರು. "ನಾನು ಮಾತು ತಪ್ಪಿದೆ, ತಿಮ್ಮಕ್ಕ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

"ಬಂದ್ಲು" ಎಂದ ಶನಿಯಾರ. ಅಷ್ಟೇ. ಸ್ಟೂಲು ಹತ್ತಲು ಹೋದ ಮುದುಕನನ್ನು ಹಿಡಿದು ಇಳಿಸಿ, ಮಾದೇವ ತಾನೇ ಹತ್ತಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿದ. ಜನ ನಗುತ್ತಾರೆ ಎಂದು ಅವನು ಮತ್ತೆ ಹೇಳಲಿಲ್ಲ. ತಾಯಿಯ ಮುಖವನ್ನೇ ನೋಡುತ್ತ ಸ್ಟೂಲಿನ ಮೇಲೆ ನಿಂತುಬಿಟ್ಟ.

ವಾಪಸ್ ಬರುವ ಬಸ್ಸಿನಲ್ಲಿ ಎಲ್ಲ ಹೋಯಿತು. ಕಿಟಕಿಯ ಹೊರಗೆ ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು ಹಿಂದೆ ಹೋಗುತ್ತಿದ್ದವು. ಮೊದಲು ಹೆಗಲಿನ ಭಾರ ಇಳಿಯಿತು. ಹೂವಿನ ತಂಪು ಹೋಯಿತು. ನೋಡುತ್ತಿದ್ದ ಹಾಗೆ ಸೀರೆ ಬೂದಿಯಾಯಿತು. ಕೊನೆಗೆ ಉಗುರುಗಳು, ಕಿರುಬೆರಳಿನಿಂದ ಶುರುವಾಗಿ ಒಂದೊಂದಾಗಿ. ಬದುಕಿದೆ ಅನ್ನಿಸಬೇಕಿತ್ತು. ನನ್ನ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗೆ ಅನ್ನಿಸಿತು. ಎಷ್ಟು ಬೋಳಾಗಿ ಕಂಡವು ಆ ಬೆರಳುಗಳು! ಹದಿನೈದು ದಿನ ಅವನ್ನು ಮುಚ್ಚಿಡುವುದರಲ್ಲೇ ಕಳೆದೆ, ಒಂದು ಸಲವಾದರೂ ಸರಿಯಾಗಿ ನೋಡಿಕೊಂಡಿದ್ದರೆ ಆಗುತ್ತಿತ್ತು ಎಂದು ಹಳಹಳಿಸಿದೆ.

ಸ್ಟುಡಿಯೋದ ಹದಿನಾಲ್ಕು ಫ್ರೇಮುಗಳೂ ಕೆನೆ ಬಣ್ಣಕ್ಕೆ ತಿರುಗಿದ್ದವು. ವಿಶ್ವನಾಥರು ದೇವರಿಗೆ ತೆಂಗಿನಕಾಯಿ ಒಡೆಸಿದರು. ಗಿರಾಕಿಗಳಿಗೆ ಫೋನ್ ಹೋಯಿತು, ಉಪ್ಪುಗಾಳಿಯ ದೋಷ ತೆಗೆದದ್ದಾಗಿದೆ, ಬಂದು ಒಯ್ಯಿರಿ ಅಂತ. ಬಂದರು, ಒಯ್ದರು. ಮನೆಯಲ್ಲಿ ಸುಪ್ರಿಯಾ ನನ್ನ ತಲೆಗೂದಲನ್ನು ಮುಟ್ಟಿ ಮುಟ್ಟಿ ನೋಡಿ, "ಈಗ ಸರಿ ಆದೆ ಅಮ್ಮ" ಎಂದು ತಬ್ಬಿಕೊಂಡಳು. ನಾನು ಅವಳ ಬೆನ್ನು ತಟ್ಟಿದೆ. ಸರಿಯಾದವಳ ಹಾಗೆ ಕುಗ್ಗಿ ಕೂತೆ.

ಇಪ್ಪತ್ತು ದಿನ ತಡೆದೆ. ಇಪ್ಪತ್ತೊಂದನೆಯ ದಿನ ಊಟದ ಹೊತ್ತಿಗೆ ಫ್ಯಾನ್ಸಿ ಅಂಗಡಿಗೆ ಹೋದೆ. ಅಂಗಡಿಯ ಹುಡುಗಿ, "ಮಗಳಿಗಾ ಅಕ್ಕ?" ಎಂದಳು. "ನಂಗೆ" ಎಂದೆ. ಅವಳು ತಿಳಿ ಗುಲಾಬಿ ತೆಗೆದಿಟ್ಟು, "ಇದು ನಿಮ್ಗೆ ಅಡ್ಡಿಲ್ಲ, ಅಷ್ಟು ಕಾಣೂದಿಲ್ಲ" ಎಂದಳು. ಕಾಣದ ಬಣ್ಣಕ್ಕೆ ಯಾರು ದುಡ್ಡು ಕೊಡುತ್ತಾರೆ? ಹಿಂದಿನ ಸಾಲಿನ ಕೆಂಪು ಶೀಶೆಯನ್ನು ನಾನೇ ಎತ್ತಿಕೊಂಡೆ.

ವಿಶ್ವನಾಥರು ಊಟಕ್ಕೆ ಹೋಗಿದ್ದರು. ಸ್ಟುಡಿಯೋ ಖಾಲಿ ಇತ್ತು. ಟೇಬಲ್ಲಿನ ಮೇಲೆ ಪೇಪರು ಹಾಸಿ ಎಡಗೈ ಇಟ್ಟೆ. ಮೊದಲು ಕಿರುಬೆರಳಿಗೆ ಹಚ್ಚಿದೆ, ರೂಢಿಯಿಲ್ಲದೆ ಚರ್ಮಕ್ಕೂ ಸ್ವಲ್ಪ ತಾಗಿತು. ಪರವಾಗಿಲ್ಲ ಅನ್ನಿಸಿತು. ಊದಿ ಒಣಗಿಸುತ್ತಿದ್ದಾಗ ಫೋನ್ ಬಂತು. ಹೊನ್ನಾವರದ ದಿವಾಕರ.

"ಅಕ್ಕೋರೆ, ಮತ್ತೆ ಶುರು ಆತು! ಈಗಷ್ಟೇ. ನಾ ಊಟಕ್ಕೆ ಕೂತಿದ್ದೆ, ಎದುರಿಗೇ ಅಮ್ಮನ ಫೋಟೋ. ಕಿರುಬೆರಳು. ಎಡಗೈದು. ಚರ್ಮಕ್ಕೂ ಮೆತ್ಕಂಡದೆ."

ನಾನು ನನ್ನ ಕಿರುಬೆರಳು ನೋಡಿಕೊಂಡೆ. ತಿಮ್ಮಿ ಹಿರೇಗುತ್ತಿಯಲ್ಲಿ ತನ್ನ ಮೈಯಲ್ಲಿ ತಾನು ನಗುತ್ತ ಕೂತಿದ್ದಳು. ಇದು ಅವಳ ಕೆಲಸವಲ್ಲ. ಗೋಡೆಗಳ ಮೇಲಿನ ನಾನೂರು ಹೆಂಗಸರು ನನ್ನ ಕೈಯನ್ನೇ ನೋಡುತ್ತ ಕೂತಿದ್ದರು. ಹತ್ತೊಂಬತ್ತು ವರ್ಷ ನಾನು ಬಿಟ್ಟದ್ದನ್ನೆಲ್ಲ ತಾವೂ ಬಿಟ್ಟು, ನಾನು ಕುಗ್ಗಿದಷ್ಟು ತಾವೂ ಕುಗ್ಗಿ ಕೂತಿದ್ದರು.

"ಅಕ್ಕೋರೆ? ಕೇಳ್ತಾ ಅದ್ಯಾ? ಎಂತ ಮಾಡುದು ಈಗ?"

ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದು ಪಕ್ಕದ ಬೆರಳಿಗೆ ಬಣ್ಣ ಎಳೆದೆ. ಆ ಕಡೆ ತಟ್ಟೆಯೋ ಲೋಟವೋ ಬಿದ್ದ ಸದ್ದಾಯಿತು.

"ಎರಡಾತು!" ಎಂದು ಕೂಗಿದರು ದಿವಾಕರ. "ಅಯ್ಯೋ ದೇವರೇ, ನಾ ನೋಡ್ತಾ ಇದ್ದಂಗೇ ಎರಡಾತು!"

"ಫೋನ್ ಇಡ್ಬೇಡಿ" ಎಂದೆ. "ನಿಮ್ಮ ಹೆಂಡ್ತಿನೂ ಕರೀರಿ, ನೋಡ್ಲಿ. ಇನ್ನೂ ಎಂಟು ಅದೆ."